ಕಾಲು ಗಂಟೆಯ ಮಾತು, ಕೈ ಹಿಡಿದ ಮಾತು

ಮನೆಯ ಹುಡುಗ ಗಾಂಜಾ ಸೇದುತ್ತಾನೆ ಅಂತ ಗೊತ್ತಾದ ದಿನ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಅತ್ತು ಕರೆದು ರಂಪ ಮಾಡುವ ಮುನ್ನ ಇದನ್ನೊಮ್ಮೆ ಓದಿ. ರಂಪ ಮಾಡಿ ಪೆಟ್ಟು ತಿಂದವಳೇ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ. ಎಲ್ಲರನ್ನೂ ಕಳಿಸಿ, ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕುವ ಮುಂಚೆ ಜೇಬು ತಡಕುವುದು ನಮ್ಮೆಲ್ಲರ ಅಭ್ಯಾಸ ಅಲ್ವಾ? ಚಿಲ್ಲರೆ ಕಾಸು, ಬಸ್ ಟಿಕೆಟ್ಟು, ಅದೃಷ್ಟ ಇದ್ದರೆ ಯಜಮಾನರು ಮರೆತ ನೂರರ ನೋಟು! ಅವತ್ತು ಜೀನ್ಸ್ ಪ್ಯಾಂಟಿನ ಜೇಬಿನಿಂದ ಸಿಕ್ಕಿದ್ದು ತೆಳು ಕಾಗದದ ಪುಟ್ಟ ಕಟ್ಟು, ಕಣ್ಣಿಗೆ ಹಾಕುವ ಡ್ರಾಪ್ಸ್ ಬಾಟಲಿ, ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಣ ಸೊಪ್ಪಿನ ಪುಡಿ. ಮೂಗಿನ ಹತ್ತಿರ ಹಿಡಿದೆ. ಒಂದೆರಡು ತಿಂಗಳಿಂದ ಅವನ ಕೋಣೆಯಲ್ಲಿ ಅಗರಬತ್ತಿಯ ಜೊತೆ ಬೆರೆತು ಬರುತ್ತಿದ್ದ ಘಾಟು ವಾಸನೆ ಅದೇ. ‘ಹುಡುಗನಿಗೆ ಈಚೆಗೆ ದೈವಭಕ್ತಿ ಜಾಸ್ತಿಯಾಗಿದೆ, ದಿನಾ ಊದುಬತ್ತಿ ಹಚ್ಚುತ್ತಾನೆ’ ಅಂತ ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಪೆದ್ದಿ ನಾನು!

ಅವನು ನನ್ನ ಅಕ್ಕನ ಮಗ. ವಯಸ್ಸು ಇಪ್ಪತ್ತು. ಎಂಜಿನಿಯರಿಂಗ್ ಓದಲು ದಾವಣಗೆರೆಯಿಂದ ಬಂದು ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದ. ‘ನಿನ್ನ ಹತ್ತಿರ ಇದ್ದಾನೆ ಅಂದರೆ ನಂಗೆ ಚಿಂತೆ ಇಲ್ಲ ಕಣೇ’ ಅಂತ ಅಕ್ಕ ಪ್ರತಿ ಭಾನುವಾರ ಫೋನಿನಲ್ಲಿ ಹೇಳುವವಳು. ಆ ಮಾತು ನೆನಪಾಗಿ ಅಲ್ಲೇ ನೆಲದ ಮೇಲೆ ಕುಸಿದು ಕೂತೆ.

ಸಂಜೆ ಅವನು ಬಂದ. ಶೂ ಬಿಚ್ಚುವುದಕ್ಕೂ ಬಿಡಲಿಲ್ಲ ನಾನು. ಕವರು ಮುಖಕ್ಕೆ ಹಿಡಿದೆ. ಕೂಗಾಡಿದೆ. ದೇವರ ಮೇಲೆ ಆಣೆ ಇಡಿಸಲು ಹೋದೆ. ‘ಈಗಲೇ ನಿಮ್ಮಪ್ಪನಿಗೆ ಫೋನ್ ಮಾಡ್ತೀನಿ’ ಅಂದೆ. ‘ನಿಮ್ಮಮ್ಮನಿಗೆ ಗೊತ್ತಾದ್ರೆ ಸತ್ತೇ ಹೋಗ್ತಾಳೆ’ ಅಂದೆ. ಅವನ ಸ್ನೇಹಿತರನ್ನೆಲ್ಲ ಒಂದೇ ಉಸಿರಿನಲ್ಲಿ ಪೋಲಿಗಳನ್ನಾಗಿ ಮಾಡಿದೆ. ಅವನು ನೆಲ ನೋಡುತ್ತಾ ನಿಂತಿದ್ದ. ಕೊನೆಗೆ, ‘ಎಲ್ರೂ ಮಾಡ್ತಾರೆ ಚಿಕ್ಕಮ್ಮ. ಬರೀ ಸೊಪ್ಪು ಅದು. ಸಿಗರೇಟಿಗಿಂತ ವಾಸಿ’ ಅಂದ. ಅಷ್ಟೇ. ಮೂರನೇ ದಿನ ಬ್ಯಾಗು ತುಂಬಿಕೊಂಡು ಸ್ನೇಹಿತನ ಪಿ.ಜಿ.ಗೆ ಹೋದ. ಹನ್ನೆರಡು ದಿನ ನನ್ನ ಫೋನ್ ಎತ್ತಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹನ್ನೆರಡು ರಾತ್ರಿ ನಾನು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೇ. ಗಾಂಜಾ ಬಿಡಿಸಲು ಹೋಗಿ ಮನೆಯನ್ನೇ ಬಿಡಿಸಿದೆನಲ್ಲ!

ಬರೀ ಸೊಪ್ಪೇ?

ಗಾಂಜಾ, ಚರಸ್, ಭಂಗಿ ಮೂರೂ ಒಂದೇ ಗಿಡದವು. ಹೂವಿನ ತೆನೆ ಗಾಂಜಾ, ಅಂಟಿನ ರಾಳ ಚರಸ್, ಎಲೆಯಿಂದ ಆಗುವುದು ಭಂಗಿ. ಅಮಲು ಬರಿಸುವ ಮುಖ್ಯ ಅಂಶದ ಹೆಸರು ಟಿ.ಎಚ್.ಸಿ. ಇದನ್ನು ಇಸ್ರೇಲಿನ ರಫೇಲ್ ಮೆಕೌಲಮ್ ಮತ್ತವರ ಸಂಗಡಿಗರು 1964ರಲ್ಲಿ ಬೇರ್ಪಡಿಸಿ ತೋರಿಸಿದರು.

ಒಮ್ಮೆ ಸೇದಿದವರೆಲ್ಲ ದಾಸರಾಗುವುದಿಲ್ಲ, ನಿಜ. ಹೆದರಿಸಲು ನಾವು ಸುಳ್ಳು ಹೇಳಿದರೆ ಮಕ್ಕಳು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಆದರೆ ‘ಏನೂ ಆಗಲ್ಲ’ ಅನ್ನುವುದೂ ಸುಳ್ಳೇ. ನೆನಪು, ಗಮನ, ಸಮಯದ ಅಂದಾಜು ಏರುಪೇರಾಗುತ್ತವೆ. ಅಮಲಿನಲ್ಲಿ ಬೈಕ್ ಓಡಿಸುವುದು ಅಪಾಯ. ತಂಬಾಕಿನ ಜೊತೆ ಬೆರೆಸಿ ಸೇದುವವರಿಗೆ ಆ ಚಟವೂ ಉಚಿತವಾಗಿ ಅಂಟಿಕೊಳ್ಳುತ್ತದೆ. ಮಿದುಳು ಪೂರ್ತಿ ಮಾಗುವುದು ಇಪ್ಪತ್ತೈದರ ಹೊತ್ತಿಗೆ. ಹಾಗಾಗಿ ಎಳೆ ವಯಸ್ಸಿನಲ್ಲಿ ಶುರು ಮಾಡಿ ದಿನಾ ಸೇದುವವರಿಗೆ ತೊಂದರೆ ಹೆಚ್ಚು. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಗಮನಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಐವತ್ತಕ್ಕೂ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗ, ಸೇದದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಕಂಡುಬಂತು. ಎಲ್ಲಕ್ಕೂ ಗಾಂಜಾ ಒಂದೇ ಕಾರಣ ಅಂತ ಇದರರ್ಥವಲ್ಲ. ಆದರೆ ಮನೆತನದಲ್ಲಿ ಅಂಥ ಕಾಯಿಲೆ ಇದ್ದವರು ಇದರ ಹತ್ತಿರವೂ ಸುಳಿಯಬಾರದು ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದೆ.

ನಮ್ಮ ಮನೆಯಲ್ಲಿ ಮಾತ್ರವೇ ಹೀಗಾಯಿತು ಅಂದುಕೊಳ್ಳುವುದೂ ಬೇಡ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದವರು ಸುಮಾರು 3.1 ಕೋಟಿ ಜನ. ಅವರಲ್ಲಿ 72 ಲಕ್ಷ ಮಂದಿಗೆ ನೆರವಿನ ಅಗತ್ಯವಿತ್ತು. ಅಂದಮೇಲೆ ಯಾವ ಬೀದಿಯಲ್ಲಿ, ಯಾವ ಅಪಾರ್ಟ್‌ಮೆಂಟಿನಲ್ಲಿ ಈ ಸಂಕಟ ಇಲ್ಲ ಹೇಳಿ?

ಅಕ್ಕಿ ರೊಟ್ಟಿ ಮತ್ತು ಒಂದು ಕ್ಷಮೆ

ಹದಿಮೂರನೇ ದಿನ ಪುಸ್ತಕ ತಗೊಂಡು ಹೋಗಲು ಬಂದ. ಅಷ್ಟರಲ್ಲಿ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ ನಾನು ಒಂದು ಪಾಠ ಕಲಿತು ಬಂದಿದ್ದೆ. ‘ಚಿಕಿತ್ಸೆಗೆ ಬಾ ಅಂತ ಕರೀಬೇಡಿ. ಅವನು ತನ್ನನ್ನು ರೋಗಿ ಅಂದ್ಕೊಂಡಿಲ್ಲ. ಒಂದು ಸಲ ಮಾತಾಡಿ ಬರೋಣ ಅಂತ ಕರೀರಿ, ಸಾಕು’ ಅಂದಿದ್ದರು. ಬಿಸಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಟ್ಟೆಗೆ ಹಾಕಿದೆ. ‘ಅವತ್ತು ನಾನು ಕೂಗಾಡಿದ್ದು ತಪ್ಪು ಕಣೋ. ಹೆದರಿಬಿಟ್ಟಿದ್ದೆ’ ಅಂದೆ. ಅವನು ತಲೆ ಎತ್ತಿ ನೋಡಿದ. ಎರಡನೇ ರೊಟ್ಟಿ ಹಾಕುವಾಗ ಕೇಳಿದೆ: ‘ಒಂದೇ ಒಂದು ಸಲ ಆಪ್ತ ಸಮಾಲೋಚಕಿ ಹತ್ತಿರ ಹೋಗಿ ಬರೋಣ್ವಾ? ಇಷ್ಟ ಆಗಲಿಲ್ಲ ಅಂದ್ರೆ ಮತ್ತೆ ಕರೆಯಲ್ಲ.’ ಅವನು ಉತ್ತರ ಹೇಳಲಿಲ್ಲ. ಆದರೆ ಶನಿವಾರ ಬಂದ.

ಒಂದು ಪುಟ್ಟ ಕೋಣೆ. ನನ್ನದೇ ವಯಸ್ಸಿನ ಆಪ್ತ ಸಮಾಲೋಚಕಿ. ಐದು ನಿಮಿಷವಾದ ಮೇಲೆ ನಗುತ್ತಲೇ ನನ್ನನ್ನು ಹೊರಗೆ ಕೂರಲು ಹೇಳಿದರು. ‘ಇವನು ಹೇಳಿದ್ದು ಇಲ್ಲೇ ಇರುತ್ತೆ. ನಿಮಗೆ ಹೇಳೋದು ಬಿಡೋದು ಇವನ ಇಷ್ಟ’ ಅಂದರು. ನನಗೆ ಒಳಗೊಳಗೇ ಕೋಪ. ಕರೆದುಕೊಂಡು ಬಂದವಳು ನಾನು, ಹೊರಗೆ ಕೂರುವವಳೂ ನಾನೇ!

ಇಪ್ಪತ್ತು ನಿಮಿಷಕ್ಕೆ ಅವನು ಹೊರಗೆ ಬಂದ. ಆಟೋದಲ್ಲಿ ಮನೆಗೆ ಬರುವಾಗ ತಾನಾಗಿಯೇ ಅಂದ: ‘ಅವರು ಬಿಡು ಅಂತ ಬೈಯಲೇ ಇಲ್ಲ ಚಿಕ್ಕಮ್ಮ!’

ಹಾಗಾದರೆ ಒಳಗೆ ನಡೆದದ್ದೇನು?

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅವನೇ ಹೇಳಿದ. ಮೊದಲು ಪ್ರಶ್ನೆಗಳ ಒಂದು ಹಾಳೆ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಸೇದಿದೆ? ಬೇಕೇ ಬೇಕು ಅಂತ ಅನ್ನಿಸಿತ್ತಾ? ಆರೋಗ್ಯ, ದುಡ್ಡು, ಓದಿಗೆ ತೊಂದರೆ ಆಯಿತಾ? ಮಾಡಬೇಕಾದ ಕೆಲಸ ತಪ್ಪಿತಾ? ಯಾರಾದರೂ ಆತಂಕ ಪಟ್ಟರಾ? ಕಡಿಮೆ ಮಾಡಲು ಹೋಗಿ ಆಗದೇ ಹೋಯಿತಾ? ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿದ ‘ಅಸಿಸ್ಟ್’ ಎಂಬ ಎಂಟು ಪ್ರಶ್ನೆಗಳ ಹಾಳೆ ಇದು. ಗಾಂಜಾಗೆ 3ರವರೆಗೆ ಅಂಕ ಬಂದರೆ ಅಪಾಯ ಕಡಿಮೆ, 4ರಿಂದ 26ರವರೆಗೆ ಮಧ್ಯಮ, 27 ಅಥವಾ ಅದಕ್ಕೂ ಮೇಲೆ ಬಂದರೆ ಹೆಚ್ಚು. ನಮ್ಮ ಹುಡುಗನಿಗೆ ಬಂದದ್ದು 20. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಅಳುವ ನಾವು, ಇಲ್ಲಿ ಹೆಚ್ಚು ಬಂದರೆ ಅಳಬೇಕು ನೋಡಿ!

ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆಯೇ ಅವನನ್ನು ಬೆಚ್ಚಿ ಬೀಳಿಸಿತಂತೆ: ‘ಗಾಂಜಾದಲ್ಲಿ ನಿನಗೆ ಇಷ್ಟವಾಗೋದು ಏನು?’ ಅವನು ಹೇಳಿದ. ನಿದ್ದೆ ಬರುತ್ತೆ, ಸ್ನೇಹಿತರ ಜೊತೆ ನಗು ಬರುತ್ತೆ, ಉಳಿದುಹೋದ ಎರಡು ವಿಷಯಗಳ ಭಯ ಮರೆಯುತ್ತೆ. ಎರಡು ಪೇಪರ್ ಉಳಿಸಿಕೊಂಡಿದ್ದಾನೆ ಅನ್ನುವುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ! ‘ಸರಿ, ಇಷ್ಟವಾಗದೇ ಇರೋದು?’ ಅವನು ಸುಮಾರು ಹೊತ್ತು ಸುಮ್ಮನಿದ್ದನಂತೆ. ಅವರೂ ಕಾಯುತ್ತಾ ಸುಮ್ಮನೆ ಕೂತರಂತೆ. ಆಮೇಲೆ ಒಂದೊಂದೇ ಬಂತು. ಬೆಳಗಿನ ಲ್ಯಾಬ್ ತಪ್ಪುತ್ತೆ. ಓದಿದ್ದು ನಿಲ್ಲಲ್ಲ. ಕಬಡ್ಡಿ ತಂಡದಿಂದ ಬಿಟ್ಟುಬಿಟ್ಟರು. ಒಂದು ರಾತ್ರಿ ಎದೆ ಡವಡವ ಹೊಡೆದು ಸತ್ತೇ ಹೋಗ್ತೀನಿ ಅನ್ನಿಸಿತ್ತು. ಕೊನೆಗೆ, ‘ಚಿಕ್ಕಮ್ಮನಿಗೆ ಸುಳ್ಳು ಹೇಳೋದು.’

ಇದನ್ನು ಅವನು ಹೇಳುವಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದೇ ಹೋಯಿತು.

ಮೂರನೆಯದು ಒಂದು ಅಳತೆಗೋಲು. ‘ಕಡಿಮೆ ಮಾಡೋದು ನಿನಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರಲ್ಲಿ ಹೇಳು.’ ಅವನು ನಾಲ್ಕು ಅಂದ. ನಾನಾಗಿದ್ದರೆ ‘ಬರೀ ನಾಲ್ಕಾ? ನಾಚಿಕೆ ಆಗಲ್ವಾ?’ ಅನ್ನುತ್ತಿದ್ದೆ. ಅವರು ಕೇಳಿದ್ದು: ‘ಯಾಕೆ ಒಂದು ಅನ್ನದೆ ನಾಲ್ಕು ಅಂದೆ?’ ಗಮನಿಸಿ ಗೆಳತಿಯರೇ, ಗುಟ್ಟೆಲ್ಲ ಇರುವುದು ಇಲ್ಲೇ. ‘ಬರೀ ನಾಲ್ಕಾ’ ಅಂತ ಕೇಳಿದರೆ ಅವನು ಗಾಂಜಾದ ಪರ ವಕೀಲನಾಗುತ್ತಾನೆ. ‘ಯಾಕೆ ಒಂದಲ್ಲ’ ಅಂತ ಕೇಳಿದರೆ ಬಿಡುವುದಕ್ಕೆ ಕಾರಣಗಳನ್ನು ಅವನ ಬಾಯಿಂದಲೇ ಹೇಳಬೇಕಾಗುತ್ತದೆ. ನಾವು ನೂರು ಸಲ ಹೇಳಿದ ಬುದ್ಧಿಮಾತಿಗಿಂತ ಅವನೇ ಒಂದು ಸಲ ಹೇಳಿಕೊಂಡ ಕಾರಣ ಹೆಚ್ಚು ತೂಗುತ್ತದೆ.

ಕೊನೆಗೆ, ‘ಪೂರ್ತಿ ಬಿಡೋದೇ ಕ್ಷೇಮ ಅಂತ ನನ್ನ ಸಲಹೆ. ಆದರೆ ತೀರ್ಮಾನ ನಿಂದು’ ಅಂತ ಹೇಳಿ ದಾರಿಗಳನ್ನು ಮುಂದಿಟ್ಟರು. ಇವತ್ತೇ ನಿಲ್ಲಿಸುವುದು, ಎರಡು ವಾರ ಬಿಟ್ಟು ನೋಡುವುದು, ಕಾಲೇಜಿನ ದಿನಗಳಲ್ಲಿ ಮುಟ್ಟದಿರುವುದು. ಅವನು ಮೂರನೆಯದನ್ನು ಆರಿಸಿಕೊಂಡ. ಜೊತೆಗೆ ಸೇದಿದ ದಿನ ಬೈಕ್ ಮುಟ್ಟುವುದಿಲ್ಲ ಅಂತಲೂ ಮಾತು ಕೊಟ್ಟ.

ಇದನ್ನು ಕೇಳಿ ನನಗೆ ರೇಗಿತು. ಫೋನ್ ಮಾಡಿ, ‘ವಾರಕ್ಕೊಂದು ಸಲ ಸೇದಲಿ ಅಂತ ನಾವೇ ಒಪ್ಪಿಗೆ ಕೊಡೋದಾ?’ ಅಂತ ಕೇಳಿದೆ. ‘ಒಪ್ಪಿಗೆ ಅಲ್ಲ ಮೇಡಂ, ಮೊದಲ ಮೆಟ್ಟಿಲು. ನೀವು ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಇಟ್ಟರೆ ನೀವು ಕೈ ಬಿಟ್ಟ ದಿನ ಬೀಳ್ತಾನೆ. ಅವನೇ ಹತ್ತಲಿ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಪದ್ಧತಿ ಬಂದದ್ದೆಲ್ಲಿಂದ?

ಇದಕ್ಕೆ ‘ಬ್ರೀಫ್ ಇಂಟರ್‌ವೆನ್ಷನ್’ ಅನ್ನುತ್ತಾರೆ. ಚುಟುಕು ಸಮಾಲೋಚನೆ ಅನ್ನೋಣ. ಇದು ಶುರುವಾದದ್ದು ಸಿಗರೇಟು, ಕುಡಿತದ ವಿಷಯದಲ್ಲಿ. 1979ರಲ್ಲಿ ಲಂಡನ್ನಿನ ವೈದ್ಯರು ತಮ್ಮಲ್ಲಿಗೆ ಬಂದ ಸಿಗರೇಟು ಸೇದುವವರಿಗೆ ಒಂದೆರಡು ನಿಮಿಷ ‘ಬಿಡಿ’ ಅಂತ ಹೇಳಿ, ಒಂದು ಕರಪತ್ರ ಕೊಟ್ಟು, ‘ಆಮೇಲೆ ವಿಚಾರಿಸುತ್ತೇವೆ’ ಅಂದರು. ವರ್ಷದ ನಂತರ ಅವರಲ್ಲಿ ನೂರಕ್ಕೆ ಐದು ಜನ ಬಿಟ್ಟಿದ್ದರು. ಏನೂ ಹೇಳದ ಗುಂಪಿನಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಐದು ಅಂದರೆ ಕಡಿಮೆ ಅನ್ನಿಸಬಹುದು. ಎರಡು ನಿಮಿಷದ ಮಾತಿಗೆ ಐದು ಮನೆಯ ನೆಮ್ಮದಿ ಅಂದರೆ ಕಡಿಮೆಯೇ?

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆ ಇರುವವರ ಜೊತೆ ಮಾತಾಡುವ ಹೊಸ ಬಗೆಯೊಂದನ್ನು ಬರೆದರು. ವಾದ ಬೇಡ, ಬೈಗುಳ ಬೇಡ. ಬದಲಾಗುವ ಆಸೆಯನ್ನು ಅವರ ಒಳಗಿನಿಂದಲೇ ಹೊರಗೆ ತರುವುದು ಅದರ ತಿರುಳು. ಸ್ಟೀಫನ್ ರೋಲ್‌ನಿಕ್ ಜೊತೆ ಸೇರಿ 1991ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇದನ್ನು ಗಾಂಜಾ ಸೇದುವ ಹದಿಹರೆಯದವರಿಗೆ ಒಗ್ಗಿಸಿದರು. ಅದಕ್ಕೆ ‘ಚಿಕಿತ್ಸೆ’ ಅಂತ ಹೆಸರಿಡದೆ ‘ಚೆಕಪ್’ ಅಂದರು. ಎಷ್ಟು ಜಾಣತನ ನೋಡಿ! ಚಿಕಿತ್ಸೆ ಅಂದರೆ ಓಡುವ ಹುಡುಗರು ಚೆಕಪ್‌ಗೆ ತಾವಾಗಿಯೇ ಬಂದರು.

ವಿಶ್ವ ಆರೋಗ್ಯ ಸಂಸ್ಥೆ ಆಸ್ಟ್ರೇಲಿಯಾ, ಬ್ರೆಜಿಲ್, ಅಮೆರಿಕ ಮತ್ತು ನಮ್ಮ ಭಾರತದಲ್ಲಿ, ‘ಅಸಿಸ್ಟ್’ ಹಾಳೆಯ ಅಂಕ ತೋರಿಸಿ ಕಾಲು ಗಂಟೆಯಷ್ಟು ಮಾತಾಡಿದರೆ ಏನಾಗುತ್ತದೆ ಅಂತ ಪರೀಕ್ಷಿಸಿತು. ಗಾಂಜಾ ಬಳಸುವವರೂ ಅದರಲ್ಲಿದ್ದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ತಿಂಗಳ ನಂತರ, ಮಾತಾಡಿಸಿದವರ ಬಳಕೆ ಮಾತಾಡಿಸದವರಿಗಿಂತ ಒಟ್ಟಾರೆ ತಗ್ಗಿತ್ತು. ಅಮೆರಿಕದಲ್ಲಿ ಮಾತ್ರ ಆ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಇದು ಮಂತ್ರದಂಡವೇನಲ್ಲ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 18ರಿಂದ 24 ವರ್ಷದ ಯುವತಿಯರಿಗೆ (ಹೌದು, ಹುಡುಗಿಯರೂ ಸೇದುತ್ತಾರೆ!) ಎರಡು ಸಲ ಹೀಗೆ ಸಮಾಲೋಚನೆ ಮಾಡಿದಾಗ, ಬಿಡಬೇಕು ಅನ್ನುವ ಆಸೆ ಮೊದಲೇ ಇದ್ದವರಿಗೆ ಹೆಚ್ಚು ಉಪಯೋಗವಾಯಿತು. ಚಟ ಆಳಕ್ಕೆ ಇಳಿದವರಿಗೆ ಒಂದೆರಡು ಭೇಟಿ ಸಾಲದು, ಹಲವು ವಾರಗಳ ಸಮಾಲೋಚನೆಯೇ ಬೇಕು. ಮಧ್ಯದ ಮೆಟ್ಟಿಲಲ್ಲಿ ನಿಂತವರನ್ನು ಕೆಳಗೆ ಜಾರದಂತೆ ಹಿಡಿಯುವ ಕೈ ಇದು.

ಅಡುಗೆಮನೆಯಲ್ಲೂ ಆಗುವ ಮಾತು

ನಾವು ಸಮಾಲೋಚಕರಲ್ಲ, ಆಗುವುದೂ ಬೇಡ. ಆದರೆ ಮಾತಿನ ಧಾಟಿಯನ್ನು ಕಲಿಯಬಹುದು. ಬಲ್ಲವರು ಇದನ್ನು ಆರು ಅಂಶಗಳಲ್ಲಿ ಹೇಳುತ್ತಾರೆ. ನಾನು ನನ್ನ ಭಾಷೆಯಲ್ಲಿ ಬರೆದು ಫ್ರಿಜ್ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದೆ!

* ಕಂಡದ್ದನ್ನು ಹೇಳಿ. ‘ಹಾಳಾಗಿ ಹೋದೆ’ ಅನ್ನಬೇಡಿ. ‘ಈ ತಿಂಗಳು ನಾಲ್ಕು ದಿನ ಕಾಲೇಜಿಗೆ ಹೋಗಲಿಲ್ಲ, ರಾತ್ರಿ ಊಟ ಬಿಟ್ಟೆ’ ಅನ್ನಿ.

* ಹೊಣೆ ಅವನದೇ ಅಂತ ಒಪ್ಪಿ. ‘ನಿನ್ನ ಕಟ್ಟಿಹಾಕಕ್ಕೆ ನಂಗಾಗಲ್ಲ. ತೀರ್ಮಾನ ನಿನ್ನ ಕೈಲಿದೆ’ ಅನ್ನಲು ಕಷ್ಟವಾಗುತ್ತದೆ. ಆದರೂ ಅನ್ನಿ.

* ಸಲಹೆ ಒಂದೇ ಸಲ, ಸ್ಪಷ್ಟವಾಗಿ. ‘ನೀನು ಇದನ್ನು ಬಿಡಬೇಕು ಅಂತ ನನ್ನ ಆಸೆ.’ ಅಲ್ಲಿಗೇ ನಿಲ್ಲಿಸಿ. ದಿನಾ ಬೆಳಿಗ್ಗೆ ಸುಪ್ರಭಾತದ ಹಾಗೆ ಹಾಡಬೇಡಿ.

* ದಾರಿ ಒಂದಕ್ಕಿಂತ ಹೆಚ್ಚಿರಲಿ. ಡಾಕ್ಟರ ಹತ್ತಿರ ಹೋಗೋಣ್ವಾ, ಫೋನಿನಲ್ಲಿ ಮಾತಾಡ್ತೀಯಾ, ಎರಡು ವಾರ ಊರಿಗೆ ಹೋಗಿ ಬರ್ತೀಯಾ? ಆರಿಸುವುದು ಅವನಿಗಿರಲಿ.

* ಅವನ ಕಷ್ಟ ಕೇಳಿ. ನಿದ್ದೆ ಬಾರದ್ದಕ್ಕೋ, ಪರೀಕ್ಷೆಯ ಭಯಕ್ಕೋ, ಒಂಟಿತನಕ್ಕೋ ಸೇದುತ್ತಿರಬಹುದು. ಗಾಂಜಾ ಹೋದರೂ ಆ ಕಷ್ಟ ಅಲ್ಲೇ ಇರುತ್ತದೆ.

* ನಿನ್ನಿಂದಾಗುತ್ತೆ ಅನ್ನಿ. ‘ಪಿ.ಯು.ಸಿ.ಯಲ್ಲಿ ಟೈಫಾಯಿಡ್ ಆಗಿದ್ರೂ ಪರೀಕ್ಷೆ ಬರೆದವನು ನೀನು.’ ಇಂಥ ನಿಜವಾದ ನೆನಪು ಪ್ರತಿ ಮನೆಯಲ್ಲೂ ಒಂದಿರುತ್ತದೆ.

ಮಾತಿಗೆ ಹೊತ್ತು ಗೊತ್ತು ಇರಲಿ. ಅವನು ಅಮಲಿನಲ್ಲಿರುವಾಗ, ನೀವು ಕೋಪದಲ್ಲಿರುವಾಗ, ನೆಂಟರು ಕೂತಿರುವಾಗ ಬೇಡವೇ ಬೇಡ. ಪಕ್ಕಪಕ್ಕ ಕೂತು ಬಟಾಣಿ ಸುಲಿಯುವಾಗ, ಒಟ್ಟಿಗೆ ತರಕಾರಿಗೆ ಹೋಗುವಾಗ ಹುಡುಗರು ಸಲೀಸಾಗಿ ಬಾಯಿ ಬಿಡುತ್ತಾರೆ. ಮುಖಕ್ಕೆ ಮುಖ ಕೊಟ್ಟು ಕೂರಿಸಿದರೆ ಅದು ಕೋರ್ಟು!

‘ಕೆನಡಾದಲ್ಲಿ ಸರ್ಕಾರವೇ ಮಾರೋಕೆ ಬಿಟ್ಟಿದೆ’ ಅಂತ ವಾದ ಮಾಡುತ್ತಾನಾ? ನಿಜ, 2018ರಿಂದ ಅಲ್ಲಿ ವಯಸ್ಕರಿಗೆ ಅದು ಕಾನೂನುಬದ್ಧ. ಆದರೆ ಅಲ್ಲೂ ಪ್ಯಾಕೆಟ್ಟಿನ ಮೇಲೆ ಆರೋಗ್ಯದ ಎಚ್ಚರಿಕೆ ಅಚ್ಚು ಹಾಕಿರುತ್ತಾರೆ. ಇಷ್ಟು ಹೇಳಿ ಸುಮ್ಮನಾಗಿ. ವಾದದಲ್ಲಿ ಗೆದ್ದು ಹುಡುಗನನ್ನು ಸೋಲುವುದು ಬೇಡ.

ಕದ್ದು ಮೊಬೈಲ್ ನೋಡುವುದು, ಮೋಸ ಮಾಡಿ ಮೂತ್ರ ಪರೀಕ್ಷೆ ಮಾಡಿಸುವುದು ಕೂಡ ಬೇಡ. ದಿನಾ ಸೇದುತ್ತಿದ್ದವನು ಬಿಟ್ಟು ಕೆಲವು ವಾರಗಳಾದರೂ ಪರೀಕ್ಷೆಯಲ್ಲಿ ಅಂಶ ಕಾಣಿಸಬಹುದು. ನಿಜವಾಗಿ ಬಿಟ್ಟವನನ್ನೇ ಸುಳ್ಳುಗಾರ ಅಂದಂತಾಗುತ್ತದೆ.

ಬಿಟ್ಟ ಮೊದಲ ವಾರ ಎಚ್ಚರ

ನಮ್ಮ ಹುಡುಗ ಎರಡನೇ ಭೇಟಿಯ ನಂತರ ಪೂರ್ತಿ ಬಿಟ್ಟು ನೋಡ್ತೀನಿ ಅಂದ. ಕುಣಿಯುವಷ್ಟು ಖುಷಿ ನನಗೆ. ಮೂರನೇ ದಿನ ಅದೇ ಹುಡುಗ ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ತಳ್ಳಿ ಎದ್ದು ಹೋದ! ದಿನಾ ಸೇದುವವರು ಬಿಟ್ಟಾಗ ಒಂದೆರಡು ದಿನದಲ್ಲೇ ಸಿಡುಕು, ಚಡಪಡಿಕೆ, ನಿದ್ದೆಗೇಡು, ವಿಚಿತ್ರ ಕನಸು, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರ ಜಾಸ್ತಿ, ಎರಡು ವಾರದಲ್ಲಿ ಬಹುಪಾಲು ಇಳಿಯುತ್ತದೆ. ನಿದ್ದೆ ಸರಿಹೋಗಲು ಇನ್ನೂ ಸ್ವಲ್ಪ ದಿನ ಬೇಕು. ಇದು ಸೊಕ್ಕಲ್ಲ, ದೇಹ ಹೊಸ ಲೆಕ್ಕಕ್ಕೆ ಒಗ್ಗಿಕೊಳ್ಳುವ ಪಾಡು.

ಆ ವಾರ ನಾನು ಮಾಡಿದ್ದು ಇಷ್ಟೇ. ಬಲವಂತ ಮಾಡದೆ ಸ್ವಲ್ಪ ಸ್ವಲ್ಪ ಊಟ, ಮಜ್ಜಿಗೆ, ಹಣ್ಣು. ಸಂಜೆ ಮೇಲೆ ಕಾಫಿ ಇಲ್ಲ. ರಾತ್ರಿ ಯಜಮಾನರ ಜೊತೆ ಒಂದು ಸುತ್ತು ನಡಿಗೆ. ಅತ್ತೆಯವರ ನಿದ್ದೆ ಮಾತ್ರೆ ಡಬ್ಬಿಯನ್ನು ಎತ್ತಿಟ್ಟೆ. ನಮ್ಮ ಮಾತ್ರೆಯನ್ನು ಮಕ್ಕಳಿಗೆ ಕೊಡುವ ಬುದ್ಧಿವಂತಿಕೆ ಯಾರೂ ಮಾಡಬೇಡಿ. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತಾದೀತು.

ಕಾದು ಕೂರಬಾರದ ಹೊತ್ತು

ಯಾರೂ ಇಲ್ಲದೆ ದನಿ ಕೇಳಿಸುತ್ತದೆ ಅನ್ನುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಅನುಮಾನ, ಸಾಯುವ ಮಾತು, ಎದ್ದ ತಕ್ಷಣ ಸೇದದೆ ದಿನ ಶುರುವಾಗದಿರುವುದು, ಮಾತ್ರೆ, ಪುಡಿ, ಸೂಜಿಯಂಥ ಬೇರೆ ಮಾದಕವಸ್ತು ಜೊತೆಗಿರುವುದು... ಇವುಗಳಲ್ಲಿ ಒಂದಾದರೂ ಇದ್ದರೆ ಚುಟುಕು ಮಾತು ಸಾಲದು. ಕೂಡಲೇ ಮನೋವೈದ್ಯರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರನ್ನು ಕಾಣಬಹುದು. ಮನೆಯಿಂದ ಹೊರಗೆ ಕಾಲಿಡಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮಗ ಫೋನ್ ಮಾಡಲಿಲ್ಲ ಅಂದರೆ ಮೊದಲು ನೀವೇ ಮಾಡಿ ಕೇಳಿ.

ಡಾಕ್ಟರ ಹತ್ತಿರ ಹೋದರೆ ಪೊಲೀಸ್ ಬರ್ತಾರಾ?

ಹೆಚ್ಚಿನ ಮನೆಗಳಲ್ಲಿ ಬಾಯಿ ಕಟ್ಟುವುದು ಈ ಭಯವೇ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಸೇದುವುದು ಅಪರಾಧ ಹೌದು. ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮಾರಾಟಕ್ಕಿಳಿದರೆ ಶಿಕ್ಷೆ ಬಹಳ ಹೆಚ್ಚು. ‘ಸ್ನೇಹಿತನಿಗೆ ಸ್ವಲ್ಪ ತಂದುಕೊಟ್ಟೆ ಅಷ್ಟೇ’ ಅನ್ನುವ ಹುಡುಗರಿಗೆ ಇದು ತಿಳಿದಿರಲಿ. ಆದರೆ ಅದೇ ಕಾಯ್ದೆಯ 64ಎ ಕಲಮು ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಜೊತೆಗೆ, ಮಾನಸಿಕ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕಾದದ್ದು ರೋಗಿಯ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಹಾಗಾಗಿ ಭಯಪಟ್ಟು ಬಚ್ಚಿಡುವುದಕ್ಕಿಂತ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಮೇಲು.

ಅಕ್ಕನಿಗೆ ಹೇಳಿದವರು ಯಾರು?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಇದು. ಭಾನುವಾರ ಬಂತೆಂದರೆ ಅಕ್ಕನ ಫೋನು. ‘ಹುಡುಗ ಹೇಗಿದ್ದಾನೆ?’ ‘ಚೆನ್ನಾಗಿದ್ದಾನೆ ಕಣೇ.’ ಒಡಹುಟ್ಟಿದವಳಿಗೆ ಸುಳ್ಳು ಹೇಳುವುದು ಅಂದರೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ. ಅವನಿಗೆ ಬಿಚ್ಚಿ ಹೇಳಿದೆ: ‘ನಾನಾಗಿ ಹೇಳಲ್ಲ. ಆದರೆ ನಿಮ್ಮಮ್ಮ ನೇರವಾಗಿ ಕೇಳಿದ ದಿನ ಸುಳ್ಳೂ ಹೇಳಲ್ಲ.’ ಯುಗಾದಿಗೆ ಊರಿಗೆ ಹೋದವನು ಅವನೇ ಹೇಳಿದ. ಅಕ್ಕ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಬೈಯುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡೆ. ಸುಮಾರು ಹೊತ್ತು ಅತ್ತಳು. ಆಮೇಲೆ, ‘ನಂಗೆ ಹೇಳಬೇಕಿತ್ತು ನೀನು’ ಅಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ‘ಹೇಳದೇ ಇದ್ದದ್ದೇ ಒಳ್ಳೇದಾಯ್ತೇನೋ. ನಾನಾಗಿದ್ರೆ ಕಾಲೇಜು ಬಿಡಿಸ್ತಿದ್ದೆ’ ಅಂದಳು. ಅವಳ ಆ ಬೇಸರ ಇವತ್ತಿಗೂ ಪೂರ್ತಿ ಹೋಗಿಲ್ಲ. ಆ ಬೆಲೆ ನಾನು ಕೊಡಬೇಕಾದದ್ದೇ.

ಈಗ ಒಂದೂವರೆ ವರ್ಷವಾಯಿತು. ಉಳಿದಿದ್ದ ಎರಡು ಪೇಪರಿನಲ್ಲಿ ಒಂದು ಪಾಸಾಗಿದೆ. ಕಬಡ್ಡಿ ತಂಡಕ್ಕೆ ಮತ್ತೆ ಕರೆದಿಲ್ಲ, ಆದರೂ ಬೆಳಿಗ್ಗೆ ಓಡಲು ಹೋಗುತ್ತಾನೆ. ಸಿನಿಮಾದಲ್ಲಿ ಆಗುವಂತೆ ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತ ನಾನು ಬರೆಯಲಾರೆ. ಕಳೆದ ಡಿಸೆಂಬರಿನಲ್ಲಿ ಸ್ನೇಹಿತರ ಜೊತೆ ಸಮುದ್ರ ತೀರಕ್ಕೆ ಪ್ರವಾಸ ಹೋಗಿದ್ದ. ಬೆಳಿಗ್ಗೆ ಏಳಕ್ಕೆ ಫೋನು. ‘ಚಿಕ್ಕಮ್ಮ, ಸುಳ್ಳು ಹೇಳಲ್ಲ. ನಿನ್ನೆ ಸೇದಿಬಿಟ್ಟೆ.’

ಎದೆ ಧಸಕ್ಕೆಂದಿತು. ನಾಲಿಗೆ ತುದಿಗೆ ಹಳೆಯ ಮಾತುಗಳೆಲ್ಲ ಬಂದವು. ಫ್ರಿಜ್ ಬಾಗಿಲು ತೆರೆದೆ. ಚೀಟಿ ಅಲ್ಲೇ ಇತ್ತು. ‘ಹೇಳಿದ್ದು ಒಳ್ಳೇದಾಯ್ತು ಕಣೋ. ಈಗ ಏನು ಮಾಡೋಣ ಅಂತಿದ್ದೀಯಾ?’ ಅಂದೆ.

‘ಸೋಮವಾರ ಅವರ ಹತ್ತಿರ ಹೋಗಿ ಬರ್ತೀನಿ’ ಅಂದ. ಒಬ್ಬನೇ ಹೋಗಿ ಬಂದ. ಅವತ್ತು ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ ಮಾಡಿದ್ದೆ.